ದೇವರ ನುಡಿ, ದೊರೆಯ ಅಪ್ಪಣೆ

ಕಳೆದ ಶ್ರಾವಣದಲ್ಲಿ ಪುಣೆಯ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ ನಡೆಯಿತು. ಸಂಕಲ್ಪ, ಕಲಶಪೂಜೆ, ಅಷ್ಟೋತ್ತರ ಇವೆಲ್ಲ ಸಂಸ್ಕೃತದಲ್ಲಾದವು. ಕಥೆಯನ್ನು ಗುರುಜಿ ಮರಾಠಿಯಲ್ಲಿ ಹೇಳಿದರು. ಅವರಿಗೆ ಬರುವುದು ಅದೇ. ಮಂಗಳಾರತಿಯ ಹೊತ್ತಿಗೆ ನೆರೆಹೊರೆಯವರು ತಾಳ ಹಿಡಿದು ಮರಾಠಿ ಆರತಿಯನ್ನು ಹಾಡಿದರು. ಕಡೆಯಲ್ಲಿ ಧಾರವಾಡದ ಕಡೆಯವರಾದ ನಮ್ಮ ಅತ್ತೆಯವರು, ತಮ್ಮ ತಾಯಿಯಿಂದ ಕಲಿತ ಆರತಿಯ ಹಾಡೊಂದನ್ನು ಕನ್ನಡದಲ್ಲಿ ಹೇಳಿದರು. ಹೀಗೆ ಮೂರು ಭಾಷೆಗಳಲ್ಲಿ ಒಂದು ಪೂಜೆ ಮುಗಿಯಿತು. ದೇವರಿಗೆ ಅದರಿಂದ ಏನೂ ಅಡಚಣೆಯಾದಂತೆ ಕಾಣಲಿಲ್ಲ.

ಅಡಚಣೆಯಾದುದು ಪ್ರಸಾದಕ್ಕೆ ಕುಳಿತ ನಮ್ಮ ಮಿತ್ರರೊಬ್ಬರಿಗೆ. ಅವರು ನಿವೃತ್ತ ಇಂಜಿನಿಯರರು, ನಮ್ಮಂತೆಯೇ ಕನ್ನಡಿಗರು; ಯಾವುದನ್ನೂ ಅರ್ಧಕ್ಕೆ ಬಿಡುವವರಲ್ಲ. ಸಪಾದ ಭಕ್ಷ್ಯದ ದೊನ್ನೆ ಕೈಯಲ್ಲಿರುವಂತೆಯೇ ಅವರು ಕೇಳಿದರು: “ಇಷ್ಟು ಹೊತ್ತು ಗುರುಜಿ ಹೇಳಿದ ಮಂತ್ರದಲ್ಲಿ ನಮಗೆಷ್ಟು ತಿಳಿಯಿತು? ಸರಕಾರವೇ ಒಂದು ಕಾಯಿದೆ ಮಾಡಿ, ಎಲ್ಲ ಪೂಜೆಯೂ ಆಯಾ ನಾಡಿನ ಭಾಷೆಯಲ್ಲೇ ನಡೆಯತಕ್ಕದ್ದು ಎಂದುಬಿಟ್ಟರೆ ಈ ತೊಂದರೆಯೇ ಇರುವುದಿಲ್ಲ.”

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆಯವರು ಥಟ್ಟನೆ ಉತ್ತರ ಕೊಟ್ಟರು: “ಏನ್ರೀ ಸಾಹೇಬ್ರ, ಈ ನಾಡಿನ ಭಾಷಾ ಮರಾಠಿ. ನಿಮ್ಮ ಕಾಯ್ದೆ ಬಂದ್ರ ನನ್ನ ಹಾಡಿನ ಗತಿ ಏನ್ರೀ?”

ಎಲ್ಲರೂ ನಕ್ಕರು, ಇಂಜಿನಿಯರರೂ ನಕ್ಕರು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು ಸುಮಾರು 475 ವರ್ಷಗಳ ಹಿಂದೆ ಇಂಗ್ಲೆಂಡಿನ ಒಂದು ಮೂಲೆಯ ಜನ ತಮ್ಮ ದೊರೆಗೆ ಕೇಳಿದ್ದರು. ಅವರಿಗೆ ಸಿಕ್ಕ ಉತ್ತರ ನಗೆಯಾಗಿರಲಿಲ್ಲ.

ಕಾರ್ನ್‌ವಾಲಿನವರ ಪ್ರಶ್ನೆ

1547ರಲ್ಲಿ ಆರನೆಯ ಎಡ್ವರ್ಡನು ಇಂಗ್ಲೆಂಡಿನ ಸಿಂಹಾಸನವನ್ನೇರಿದಾಗ ಅವನಿಗೆ ಒಂಬತ್ತು ವರ್ಷ. ರಾಜ್ಯಭಾರ ಸೋದರಮಾವನಾದ ಸಾಮರ್ಸೆಟ್ ಡ್ಯೂಕನ ಕೈಯಲ್ಲಿತ್ತು. ಧರ್ಮದ ವಿಚಾರ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರನ ಕೈಯಲ್ಲಿ. ಅಲ್ಲಿಯವರೆಗೆ ದೇಶದ ಚರ್ಚುಗಳಲ್ಲೆಲ್ಲ ಪೂಜಾವಿಧಿ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಹಳ್ಳಿಯ ಒಕ್ಕಲಿಗನಿಗೆ ಅದು ತಿಳಿಯದು. ಜನರಿಗೆ ತಿಳಿಯುವ ಭಾಷೆಯಲ್ಲಿ ಪ್ರಾರ್ಥನೆ ನಡೆಯಬೇಕೆಂಬುದು ಕ್ರ್ಯಾನ್ಮರನ ಆಸೆ. ಆ ಆಸೆಯಲ್ಲಿ ತಪ್ಪು ಹುಡುಕುವುದು ಕಷ್ಟ. ಅವನು ಸಿದ್ಧಪಡಿಸಿದ ಇಂಗ್ಲಿಷ್ ಪ್ರಾರ್ಥನಾಪುಸ್ತಕವು ಆ ಭಾಷೆಯ ಗದ್ಯಕ್ಕೇ ಒಂದು ಮೇಲ್ಪಂಕ್ತಿಯಾಯಿತು.

ಆದರೆ ಅದು ಬಂದುದು ಕಾಯಿದೆಯ ಮೂಲಕ. 1549ರ ಆ ಕಾಯಿದೆಯ ಪ್ರಕಾರ ಜೂನ್ 9ರ ಹಬ್ಬದ ಭಾನುವಾರದಿಂದ ದೇಶದ ಪ್ರತಿಯೊಂದು ಚರ್ಚಿನಲ್ಲಿಯೂ ಹೊಸ ಪುಸ್ತಕವೇ ನಡೆಯಬೇಕು. ಹಳೆಯ ವಿಧಿಯನ್ನು ಬಿಡದ ಪಾದ್ರಿಗೆ ಮೊದಲನೆಯ ತಪ್ಪಿಗೆ ಆರು ತಿಂಗಳ ಸೆರೆವಾಸ, ಜೊತೆಗೆ ಒಂದು ವರ್ಷದ ಉತ್ಪನ್ನ ಜಪ್ತಿ. ಎರಡನೆಯದಕ್ಕೆ ಒಂದು ವರ್ಷದ ಸೆರೆ ಮತ್ತು ಪದಚ್ಯುತಿ. ಮೂರನೆಯದಕ್ಕೆ ಜೀವಾವಧಿ. ವಿನೋದವೆಂದರೆ, ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್‌ನ ವಿದ್ವಾಂಸರು ಗ್ರೀಕ್, ಲ್ಯಾಟಿನ್, ಹೀಬ್ರೂ ಭಾಷೆಗಳಲ್ಲಿ ಪ್ರಾರ್ಥಿಸಲು ಅದೇ ಕಾಯಿದೆ ಅವಕಾಶವಿತ್ತಿತ್ತು. ಪಂಡಿತರಿಗೆ ಇದ್ದ ವಿನಾಯಿತಿ ಪಾಮರರಿಗಿರಲಿಲ್ಲ.

ಆ ಭಾನುವಾರ ಡೆವನ್ ಪ್ರಾಂತದ ಸ್ಯಾಂಪ್‌ಫರ್ಡ್ ಕೋರ್ಟ್ನಿ ಎಂಬ ಹಳ್ಳಿಯ ಜನ ಹೊಸ ಪ್ರಾರ್ಥನೆಯನ್ನು ಸುಮ್ಮನೆ ಕೇಳಿದರು. ಮರುದಿನ ತಮ್ಮ ಮುದಿ ಪಾದ್ರಿಯನ್ನು ಸುತ್ತುವರಿದು, ಹಳೆಯ ಉಡುಪನ್ನೇ ತೊಟ್ಟು ಹಳೆಯ ವಿಧಿಯನ್ನೇ ನಡೆಸಬೇಕೆಂದು ಹಟ ಹಿಡಿದರು. ಅವನು ನಡೆಸಿದನು. ಅಲ್ಲಿಂದ ಹೊತ್ತಿದ ಕಿಡಿ ನೆರೆಯ ಕಾರ್ನ್‌ವಾಲಿನಲ್ಲಿ ಆಗಲೇ ಎದ್ದಿದ್ದ ಜನರೊಡನೆ ಕೂಡಿ ದೊಡ್ಡ ದಂಗೆಯಾಯಿತು. ದಂಗೆಕೋರರು ಎಕ್ಸಿಟರ್ ಪಟ್ಟಣಕ್ಕೆ ಐದು ವಾರ ಮುತ್ತಿಗೆ ಹಾಕಿದರು.

ದಂಗೆಗೆ ಭಾಷೆಯೊಂದೇ ಕಾರಣವೆನ್ನಲಾಗದು. ಹಳೆಯ ಹಬ್ಬಗಳು, ವಿಗ್ರಹಗಳು, ಮೆರವಣಿಗೆಗಳು ಹೋದುವೆಂಬ ಸಂಕಟವೂ ಇತ್ತು. ಹೊಸ ತೆರಿಗೆಯ ಸಿಟ್ಟೂ ಇತ್ತು. ಆದರೆ ಅವರು ದೊರೆಗೆ ಕಳುಹಿಸಿದ ಬೇಡಿಕೆಗಳಲ್ಲಿ ಒಂದು ಮಾತು ಇಂದಿಗೂ ಮನಸ್ಸನ್ನು ತಟ್ಟುತ್ತದೆ. ನಾವು ಕಾರ್ನ್‌ವಾಲಿನವರು, ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬಾರದು, ಆದುದರಿಂದ ಈ ಹೊಸ ಇಂಗ್ಲಿಷು ನಮಗೆ ಬೇಡ ಎಂಬುದು ಅದರ ತಾತ್ಪರ್ಯ. ಅವರ ಮನೆಮಾತು ಕಾರ್ನಿಷ್. ಅದು ಇಂಗ್ಲಿಷಿನ ಒಂದು ಬಗೆಯಲ್ಲ. ಬೇರೆಯೇ ಕುಲದ, ವೇಲ್ಸಿನ ಭಾಷೆಗೆ ಸೋದರಿಯಾದ ನುಡಿ.

ಕ್ರ್ಯಾನ್ಮರನು ಇದಕ್ಕೆ ವಕೀಲನಂತೆ ಉತ್ತರವಿತ್ತನು. ಇಂಗ್ಲಿಷ್ ಬಾರದವರು ನಿಮ್ಮಲ್ಲಿ ಕೆಲವರಿರಬಹುದು, ಆದರೆ ಲ್ಯಾಟಿನ್ ಬಾರದವರು ಅವರಿಗಿಂತಲೂ ಹೆಚ್ಚಲ್ಲವೆ ಎಂದು ಕೇಳಿದನು. ತರ್ಕ ಸರಿಯಾಗಿಯೇ ಇದೆ. ಆದರೆ ಲ್ಯಾಟಿನ್ ಅವರಿಗೆ ತಿಳಿಯದಿದ್ದರೂ ತಾತಮುತ್ತಾತಂದಿರ ಕಾಲದಿಂದ ಕಿವಿಗೆ ಒಗ್ಗಿದ ಧ್ವನಿ. ಹುಟ್ಟಿದಾಗಲೂ ಸತ್ತಾಗಲೂ ಕೇಳಿಬಂದ ಧ್ವನಿ. ಇಂಗ್ಲಿಷಾದರೋ ತೆರಿಗೆಯವನ ಮಾತು, ನ್ಯಾಯಾಲಯದ ಮಾತು. ತಿಳಿಯುವ ಭಾಷೆಯೇ ಬೇಕೆಂದಾದರೆ ಅವರಿಗೆ ಕಾರ್ನಿಷಿನಲ್ಲಿ ಒಂದು ಪುಸ್ತಕವನ್ನು ಮಾಡಿಸಿಕೊಡಬಹುದಾಗಿತ್ತು. ಅದನ್ನು ಯಾರೂ ಮಾಡಲಿಲ್ಲ. ‘ತಿಳಿಯುವ ಭಾಷೆ’ ಎಂದು ಹೊರಟ ಕಾಯಿದೆ ಕಾರ್ನ್‌ವಾಲಿನ ಗಡಿಗೆ ಬರುವ ಹೊತ್ತಿಗೆ ‘ದೊಡ್ಡವರ ಭಾಷೆ’ ಎಂದಾಗಿತ್ತು.

ಆಗಸ್ಟ್ ತಿಂಗಳಲ್ಲಿ ದೊರೆಯ ಸೈನ್ಯ ದಂಗೆಯನ್ನು ಅಡಗಿಸಿತು. ಜರ್ಮನಿ ಮತ್ತು ಇಟಲಿಯಿಂದ ಕೂಲಿಗೆ ತಂದ ಸಿಪಾಯಿಗಳೂ ಅದರಲ್ಲಿದ್ದರು. ಸಾವಿರಾರು ಜನ ಸತ್ತರು. ಎಕ್ಸಿಟರ್ ಬಳಿಯ ಒಂದು ಚರ್ಚಿನ ಪಾದ್ರಿಯನ್ನು ಹಳೆಯ ಪೂಜಾ ಉಡುಪಿನಲ್ಲಿಯೇ ಅವನ ಚರ್ಚಿನ ಗೋಪುರದಿಂದ ನೇಣುಹಾಕಿ ತೂಗಬಿಟ್ಟರು.

ವೇಲ್ಸಿಗೆ ಸಿಕ್ಕ ಪುಸ್ತಕ

ಈಗ ಅದೇ ದೇಶದ ಮತ್ತೊಂದು ಮೂಲೆಯನ್ನು ನೋಡೋಣ. ವೇಲ್ಸಿನ ಜನರಿಗೂ ಮನೆಮಾತು ಇಂಗ್ಲಿಷಲ್ಲ. 1536ರ ಕಾಯಿದೆಯೊಂದು ಅವರ ಭಾಷೆಯನ್ನು ಕಚೇರಿ ಕೋರ್ಟುಗಳಿಂದ ಹೊರಗಟ್ಟಿತ್ತು. ಆದರೆ 1563ರಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಕಾಲದಲ್ಲಿ, ಪಾರ್ಲಿಮೆಂಟು ಬೇರೆ ಬಗೆಯ ಒಂದು ಕಾಯಿದೆ ಮಾಡಿತು. ಬೈಬಲ್ಲನ್ನೂ ಪ್ರಾರ್ಥನಾಪುಸ್ತಕವನ್ನೂ ವೆಲ್ಷ್ ಭಾಷೆಗೆ ಅನುವಾದ ಮಾಡಿಸಬೇಕು, ವೆಲ್ಷ್ ಆಡುವ ಊರುಗಳಲ್ಲಿ ಆ ಭಾಷೆಯಲ್ಲಿಯೇ ಪ್ರಾರ್ಥನೆ ನಡೆಯಬೇಕು ಎಂಬುದು ಅದರ ವಿಧಿ. ಪಕ್ಕದಲ್ಲೇ ಇಂಗ್ಲಿಷ್ ಪ್ರತಿಯನ್ನೂ ಇಡಬೇಕು, ಎರಡನ್ನೂ ಹೋಲಿಸಿ ಜನ ಇಂಗ್ಲಿಷ್ ಕಲಿಯಲಿ ಎಂಬ ಲೆಕ್ಕಾಚಾರವೂ ಅದರಲ್ಲಿತ್ತು. ರಾಜ್ಯದವರ ಔದಾರ್ಯಕ್ಕೆ ಯಾವಾಗಲೂ ಒಂದು ಬಾಲವಿರುತ್ತದಷ್ಟೆ!

ವಿಲಿಯಂ ಸೇಲ್ಸ್‌ಬರಿ ಮೊದಲಾದವರ ಪರಿಶ್ರಮದಿಂದ 1567ರಲ್ಲಿ ಪ್ರಾರ್ಥನಾಪುಸ್ತಕವೂ ಹೊಸ ಒಡಂಬಡಿಕೆಯೂ ಅಚ್ಚಾದವು. 1588ರಲ್ಲಿ ವಿಲಿಯಂ ಮಾರ್ಗನ್ ಎಂಬ ಪಾದ್ರಿಯ ಸಂಪೂರ್ಣ ಬೈಬಲ್ ಹೊರಬಂದಿತು. ಕಚೇರಿಯಲ್ಲಿ ಸ್ಥಾನವಿಲ್ಲದ ಭಾಷೆಗೆ ಚರ್ಚಿನಲ್ಲಿ ಪೀಠ ದೊರೆಯಿತು. ಭಾನುವಾರದ ಪ್ರಾರ್ಥನೆಯಲ್ಲಿ ಕೇಳಿದ ಶುದ್ಧ ನುಡಿಯೇ ಹಳ್ಳಿಯ ಹುಡುಗರಿಗೆ ಓದುಬರಹದ ಭಾಷೆಯಾಯಿತು. ಹದಿನೆಂಟನೆಯ ಶತಮಾನದಲ್ಲಿ ಗ್ರಿಫಿತ್ ಜೋನ್ಸ್ ಎಂಬ ಪಾದ್ರಿ ಊರಿಂದೂರಿಗೆ ಸಾಗುವ ಶಾಲೆಗಳನ್ನು ನಡೆಸಿ, ರೈತರಿಗೂ ಅವರ ಮಕ್ಕಳಿಗೂ ಆ ಬೈಬಲ್ಲನ್ನೇ ಓದಲು ಕಲಿಸಿದನು.

ಫಲವನ್ನು ನೋಡಿ. ಕಾರ್ನಿಷ್ ಭಾಷೆಯನ್ನು ಮನೆಮಾತಾಗಿ ಆಡಿದವರಲ್ಲಿ ಕೊನೆಯವಳೆಂದು ಪ್ರಸಿದ್ಧಳಾದ ಡಾಲಿ ಪೆಂಟ್ರೀತ್ ಎಂಬ ಮೀನುಗಾರ ಮುದುಕಿ 1777ರಲ್ಲಿ ತೀರಿಕೊಂಡಳು. ಇಪ್ಪತ್ತನೆಯ ಶತಮಾನದಲ್ಲಿ ಕೆಲವು ಅಭಿಮಾನಿಗಳು ಹಳೆಯ ಬರಹಗಳಿಂದ ಅದಕ್ಕೆ ಮರುಜೀವ ಕೊಡಲು ಹೊರಟು, ಇಂದಿಗೂ ಶ್ರಮಿಸುತ್ತಿದ್ದಾರೆ. ವೆಲ್ಷ್ ಭಾಷೆಯನ್ನಾದರೋ 2021ರ ಜನಗಣತಿಯಂತೆ ವೇಲ್ಸಿನಲ್ಲಿ ಸುಮಾರು 5 ಲಕ್ಷ 38 ಸಾವಿರ ಜನ ಆಡಬಲ್ಲರು. ಕಾರ್ನಿಷ್ 1549ಕ್ಕೆ ಮೊದಲೇ ಪಶ್ಚಿಮಕ್ಕೆ ಸರಿಯುತ್ತಿತ್ತು. ಅದರ ನಾಡೂ ಚಿಕ್ಕದು. ಪ್ರಾರ್ಥನಾಪುಸ್ತಕವೊಂದೇ ಅದನ್ನು ಕೊಂದಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಅಕ್ಕನಿಗೆ ದೇವರ ಮನೆಯಲ್ಲಿ ಸಿಕ್ಕ ಆಸರೆ ತಂಗಿಗೆ ಸಿಗಲಿಲ್ಲವೆಂಬುದು ಸತ್ಯ.

ಮಿನಾರದವರೆಗೆ ಏರಿದ ಕಾಯಿದೆ

“ಹಾಗಾದರೆ ಸ್ವಂತ ಮನೆಮಾತನ್ನೇ ಕಾಯಿದೆ ಮಾಡಿ ಕೊಟ್ಟರೆ?” ಎಂದು ನಮ್ಮ ಇಂಜಿನಿಯರ್ ಮಿತ್ರರು ಕೇಳಬಹುದು. ಅದನ್ನು ಮಾಡಿ ನೋಡಿದ ದೇಶ ತುರ್ಕಿ.

1923ರಲ್ಲಿ ಗಣರಾಜ್ಯ ಸ್ಥಾಪಿಸಿದ ಮುಸ್ತಫಾ ಕೆಮಾಲ್ ಅತಾತುರ್ಕ್ 1928ರಲ್ಲಿ ಅರಬ್ಬಿ ಲಿಪಿಯನ್ನು ಬಿಡಿಸಿ ರೋಮನ್ ಲಿಪಿಯನ್ನು ತಂದರು. ಮುಂದಿನ ಹೆಜ್ಜೆ ಮಸೀದಿಗೆ. 1932ರ ಜನವರಿ ಕೊನೆಯಲ್ಲಿ ಇಸ್ತಾಂಬುಲಿನ ಫಾತಿಹ್ ಮಸೀದಿಯಿಂದ ಆಜಾನ್ ತುರ್ಕಿ ಭಾಷೆಯಲ್ಲಿ ಕೇಳಿಬಂತು. ಅದೇ ವರ್ಷ ಸರಕಾರದ ಧರ್ಮ ಇಲಾಖೆ ದೇಶಕ್ಕೆಲ್ಲ ಅದನ್ನೇ ವಿಧಿಸಿತು. ‘ಅಲ್ಲಾಹು’ ಎಂಬ ಹೆಸರಿನ ಸ್ಥಾನದಲ್ಲಿಯೂ ‘ತಾನ್ರಿ’ ಎಂಬ ಹಳೆಯ ತುರ್ಕಿ ಪದ ಬಂದಿತು. ಉದ್ದೇಶ ಕ್ರ್ಯಾನ್ಮರನದೇ: ರೈತ ತನ್ನ ಧರ್ಮವನ್ನು ತನ್ನ ಮಾತಿನಲ್ಲಿ ತಿಳಿಯಲಿ ಎಂಬುದು. ಇಲ್ಲಿ ಭಾಷೆಯೂ ಪರಕೀಯವಲ್ಲ, ಬಹುಪಾಲು ಜನರ ಮನೆಮಾತೇ.

ಆದರೂ ಜನ ಒಪ್ಪಲಿಲ್ಲ. ಸಾವಿರದ ಮುನ್ನೂರು ವರ್ಷಗಳಿಂದ ಒಂದೇ ಮಾತಿನಲ್ಲಿ ಕೇಳಿಬಂದ ಕರೆ ಅದು. ಅದರ ಶಬ್ದವೇ ಅವರಿಗೆ ಪವಿತ್ರ. 1933ರ ಫೆಬ್ರವರಿಯಲ್ಲಿ ಬುರ್ಸಾ ನಗರದ ದೊಡ್ಡ ಮಸೀದಿಯ ಬಳಿ ಜನ ಸೇರಿ ಪ್ರತಿಭಟಿಸಿದರು, ಬಂಧನಗಳಾದವು. 1941ರಲ್ಲಿ ದಂಡಸಂಹಿತೆಗೇ ತಿದ್ದುಪಡಿ ತಂದು, ಅರಬ್ಬಿಯಲ್ಲಿ ಆಜಾನ್ ಕೂಗಿದವನಿಗೆ ಮೂರು ತಿಂಗಳವರೆಗೆ ಸೆರೆವಾಸ ಮತ್ತು ದಂಡವೆಂದು ಗೊತ್ತುಮಾಡಲಾಯಿತು. ಊರವರನ್ನು ಪ್ರಾರ್ಥನೆಗೆ ಕರೆಯುವುದಕ್ಕೂ ಪೊಲೀಸಿನವನ ಅನುಮತಿ ಬೇಕಾದಂತಾಯಿತು.

ಈ ಕಥೆಯೊಳಗೆ ಕವಿಯೊಬ್ಬನ ಉಪಕಥೆಯಿದೆ. ತುರ್ಕಿಯ ರಾಷ್ಟ್ರಗೀತೆಯನ್ನು ಬರೆದ ಮೆಹ್ಮೆತ್ ಆಕಿಫ್‌ಗೆ ಕುರ್‌ಆನನ್ನು ತುರ್ಕಿಗೆ ಅನುವಾದಿಸುವ ಕೆಲಸವನ್ನು 1925ರಲ್ಲಿ ಒಪ್ಪಿಸಲಾಗಿತ್ತು. ತನ್ನ ಭಾಷೆಯನ್ನು ಆತನಿಗಿಂತ ಹೆಚ್ಚು ಪ್ರೀತಿಸಿದವರು ವಿರಳ. ಈಜಿಪ್ಟಿನಲ್ಲಿ ಕುಳಿತು ವರ್ಷಗಟ್ಟಲೆ ದುಡಿದನು. ಆದರೆ ಓದಿ ತಿಳಿಯಲೆಂದು ತಾನು ಬರೆದುದನ್ನು ಮಸೀದಿಯ ಪ್ರಾರ್ಥನೆಯಲ್ಲಿ ಮೂಲದ ಸ್ಥಾನದಲ್ಲಿ ಕೂರಿಸಿಯಾರೆಂಬ ಅಂಜಿಕೆ ಹುಟ್ಟಿ, ಒಪ್ಪಂದದಿಂದ ಹಿಂದೆ ಸರಿದನು. 1936ರಲ್ಲಿ ಕಾಯಿಲೆಯಿಂದ ತಾಯ್ನಾಡಿಗೆ ಹೊರಟಾಗ ಹಸ್ತಪ್ರತಿಯನ್ನು ಸ್ನೇಹಿತನ ಕೈಗಿತ್ತು, ತಾನು ಹಿಂದಿರುಗದಿದ್ದರೆ ಸುಟ್ಟುಬಿಡಬೇಕೆಂದು ಕೇಳಿಕೊಂಡನು. ಆ ವರ್ಷದ ಡಿಸೆಂಬರಿನಲ್ಲೇ ಕವಿ ತೀರಿಕೊಂಡನು. ಬಹುಕಾಲ ಜೋಪಾನವಾಗಿದ್ದ ಆ ಪ್ರತಿ 1961ರಲ್ಲಿ ಬೆಂಕಿಗೆ ಹೋಯಿತು. ಬಲವಂತದ ಅಂಜಿಕೆಯಿಲ್ಲದಿದ್ದರೆ ತುರ್ಕಿಯ ಜನರಿಗೆ ಮಹಾಕವಿಯೊಬ್ಬನ ಅನುವಾದ ಉಳಿಯುತ್ತಿತ್ತು. ದೇಶೀಭಾಷೆಯನ್ನು ಬೆಳೆಸಲು ಹೊರಟ ಕಾಯಿದೆ ಆ ಭಾಷೆಗೇ ನಷ್ಟ ತಂದುದು ಹೀಗೆ.

1950ರ ಮೇ ತಿಂಗಳ ಚುನಾವಣೆಯಲ್ಲಿ ಸರಕಾರ ಬದಲಾಯಿತು. ಜೂನ್ 16ರಂದು, ರಂಜಾನ್ ಮಾಸದ ಮುನ್ನಾದಿನ, ಪಾರ್ಲಿಮೆಂಟು ಶಿಕ್ಷೆಯ ವಿಧಿಯನ್ನು ತೆಗೆದುಹಾಕಿತು. ಗಮನಿಸತಕ್ಕ ಅಂಶವೇನೆಂದರೆ, ಆ ತಿದ್ದುಪಡಿ ತುರ್ಕಿ ಭಾಷೆಯ ಆಜಾನನ್ನು ನಿಷೇಧಿಸಲಿಲ್ಲ. ಯಾವ ಭಾಷೆಯಲ್ಲಾದರೂ ಕೂಗಬಹುದೆಂದಷ್ಟೇ ಅದರ ಅರ್ಥ. ಆದರೆ ಮಸೀದಿಗಳೆಲ್ಲ ಅರಬ್ಬಿಗೆ ಮರಳಿದವು. ಹದಿನೆಂಟು ವರ್ಷಗಳ ಅಪ್ಪಣೆ ಜನರ ಹೃದಯದಲ್ಲಿ ಬೇರುಬಿಟ್ಟಿರಲಿಲ್ಲ.

ಉಡುಪಿಯಿಂದ ಹೋದ ಮೊಕದ್ದಮೆ

ನಮ್ಮ ದೇಶದಲ್ಲಿ ಈ ವಿಚಾರದ ಗಡಿಯನ್ನು ಗುರುತಿಸಿದ ಮುಖ್ಯ ತೀರ್ಪಿಗೆ ಕಾರಣವಾದುದು ನಮ್ಮ ಉಡುಪಿಯ ಮಠವೇ ಎಂಬುದು ಅನೇಕ ವಾಚಕರಿಗೆ ಹೊಸ ಸಂಗತಿಯಾಗಬಹುದು. ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸು ರಾಜ್ಯಕ್ಕೆ ಸೇರಿತ್ತು. 1951ರಲ್ಲಿ ಆ ರಾಜ್ಯ ಮಾಡಿದ ಧಾರ್ಮಿಕ ದತ್ತಿಗಳ ಕಾಯಿದೆ ಮಠಗಳ ಆಡಳಿತಕ್ಕೆ ಬಹಳವಾಗಿ ಕೈಹಾಕುತ್ತದೆಂದು ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರತೀರ್ಥ ಸ್ವಾಮಿಗಳು ನ್ಯಾಯಾಲಯಕ್ಕೆ ಹೋದರು. 1954ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಅದರ ಸಾರ ಇಷ್ಟು: ಮಠದ ಆಸ್ತಿಪಾಸ್ತಿ, ಲೆಕ್ಕಪತ್ರ ಇವು ಲೌಕಿಕ ವ್ಯವಹಾರ, ಇವುಗಳ ಮೇಲೆ ಸರಕಾರ ಮಿತವಾದ ಹತೋಟಿ ಇಡಬಹುದು. ಆದರೆ ಯಾವ ವಿಧಿ ಯಾವಾಗ ನಡೆಯಬೇಕು, ನೈವೇದ್ಯ ಹೇಗಿರಬೇಕು, ದಿನನಿತ್ಯ ಯಾವ ಗ್ರಂಥದ ಪಾರಾಯಣವಾಗಬೇಕು ಎಂಬುವು ಧರ್ಮದ ಅಂಗಗಳು. ಅವನ್ನು ಆಯಾ ಸಂಪ್ರದಾಯವೇ ನಿರ್ಣಯಿಸಬೇಕು. ಸಂವಿಧಾನದ 25 ಮತ್ತು 26ನೆಯ ವಿಧಿಗಳ ಅರ್ಥವನ್ನು ಹೀಗೆ ಬಿಡಿಸಿ ಹೇಳಿದುದರಿಂದ ಇಂದಿಗೂ ದೇಶದ ಎಲ್ಲ ಧರ್ಮದವರ ವಕೀಲರೂ ‘ಶಿರೂರು ಮಠದ ಮೊಕದ್ದಮೆ’ ಎಂದು ಅದನ್ನು ಉದಾಹರಿಸುತ್ತಾರೆ.

ಭಾಷೆಯ ಪ್ರಶ್ನೆ ನೇರವಾಗಿ ಎದ್ದುದು ತಮಿಳುನಾಡಿನಲ್ಲಿ. ಅಲ್ಲಿ ತಮಿಳಿನಲ್ಲಿ ಅರ್ಚನೆಯಾಗಬೇಕೆಂಬ ಚಳವಳಿ ಹಳೆಯದು, ವ್ಯಾಜ್ಯಗಳೂ ಹಲವು. 2008ರಲ್ಲಿ ಮದರಾಸು ಹೈಕೋರ್ಟು, ತಮಿಳು ಅರ್ಚನೆಗೆ ಆಗಮಗಳಲ್ಲಿ ನಿಷೇಧ ಕಾಣುವುದಿಲ್ಲ, ಯಾವ ಭಾಷೆಯೆಂಬುದು ಭಕ್ತನ ಇಷ್ಟ ಎಂಬ ನಿಲುವು ತಳೆಯಿತು. 2020ರ ಫೆಬ್ರವರಿ 5ರಂದು ತಂಜಾವೂರಿನ ಬೃಹದೀಶ್ವರ ದೇವಾಲಯದ ಕುಂಭಾಭಿಷೇಕ ಸಂಸ್ಕೃತ ತಮಿಳು ಎರಡರಲ್ಲಿಯೂ ನಡೆಯಿತು. 2021ರ ಆಗಸ್ಟಿನಲ್ಲಿ ಸರಕಾರ ಮೈಲಾಪುರದ ಕಪಾಲೀಶ್ವರ ದೇವಾಲಯದಲ್ಲಿ ತಮಿಳು ಅರ್ಚನೆಯ ಯೋಜನೆಯನ್ನು ಆರಂಭಿಸಿತು. ಮೊದಲ ಹಂತದಲ್ಲಿ 47 ದೇವಾಲಯಗಳು. ಇಲ್ಲಿ ತಮಿಳಿನಲ್ಲಿಯೂ ಅರ್ಚನೆ ಮಾಡಲಾಗುವುದು ಎಂಬ ಅರ್ಥದ ಫಲಕಗಳನ್ನು ಚೆನ್ನೈಯ ನಮ್ಮ ವಾಚಕರು ನೋಡಿರಬಹುದು. ಅದರಲ್ಲಿನ ‘ಊ’ ಎಂಬ ಒಂದು ಅಕ್ಷರದಲ್ಲಿ ನಾವು ಇಷ್ಟು ಹೊತ್ತು ಹೇಳಿದ ಮಾತೆಲ್ಲ ಅಡಗಿದೆ. ‘ತಮಿಳಿನಲ್ಲೇ’ ಎಂದಿದ್ದರೆ ಅದು ಅಪ್ಪಣೆ. ‘ತಮಿಳಿನಲ್ಲಿಯೂ’ ಎಂದುದರಿಂದ ಅದು ಅನುಕೂಲ.

ಅಪ್ಪಣೆಯಿಲ್ಲದೆ ಬೆಳೆದುದು

ಕನ್ನಡದ ಮಟ್ಟಿಗೆ ಹೇಳುವುದಾದರೆ, ದೇವರ ಮುಂದೆ ಕನ್ನಡವನ್ನು ತಂದು ನಿಲ್ಲಿಸಿದವರು ಯಾವ ದೊರೆಯೂ ಅಲ್ಲ. ಹನ್ನೆರಡನೆಯ ಶತಮಾನದ ಶಿವಶರಣರು ತಮ್ಮ ಅನುಭಾವವನ್ನು ಕನ್ನಡದಲ್ಲಿ ಆಡಿದರು. ಹರಿದಾಸರು ಬೀದಿಯಲ್ಲಿ ಹಾಡಿದರು. ಪುರಂದರದಾಸರ ಪದವನ್ನು ಹಾಡಬೇಕೆಂದು ಯಾವ ಸುತ್ತೋಲೆಯೂ ಹೊರಡಲಿಲ್ಲ. ಮೇಲುಕೋಟೆಯ ಚೆಲುವನಾರಾಯಣನ ಸನ್ನಿಧಿಯಲ್ಲಿ ಕನ್ನಡನಾಡಿನ ನಡುವೆಯೇ ಆಳ್ವಾರರ ತಮಿಳು ಪ್ರಬಂಧದ ಪಾರಾಯಣ ನಡೆದುಬಂದಿದೆ. ಅದರಿಂದ ಕನ್ನಡಕ್ಕೆ ಕುಂದಾಗಲಿಲ್ಲ. ಚಿಕ್ಕಮಗಳೂರಿನ ಹಿರೇಮಗಳೂರು ಕೋದಂಡರಾಮ ದೇವಾಲಯದಲ್ಲಿ ಕಣ್ಣನ್ ಅವರು ಕನ್ನಡದಲ್ಲೇ ಪೂಜೆ ನಡೆಸುತ್ತ ಹೆಸರಾಗಿದ್ದಾರೆ. ಅದನ್ನು ಕೇಳಲೆಂದೇ ಜನ ಹೋಗುತ್ತಾರೆ.

ಹೊರನಾಡಿನಲ್ಲಿರುವ ನಾವು ಈ ವಿಚಾರವನ್ನು ತುಸು ಎಚ್ಚರದಿಂದ ಯೋಚಿಸಬೇಕು. ಊರಿನಲ್ಲಿದ್ದರೆ ನಾವು ಬಹುಸಂಖ್ಯಾತರು. ‘ನಾಡಿನ ಭಾಷೆಯಲ್ಲೇ ಪೂಜೆ’ ಎಂದು ಮೇಜು ಗುದ್ದಿ ಹೇಳಬಹುದು. ಪುಣೆ, ಮುಂಬಯಿ, ಚೆನ್ನೈ, ಹೈದರಾಬಾದಿನಲ್ಲಿ ನಾವು ಕಾರ್ನ್‌ವಾಲಿನವರು. ಇಲ್ಲಿ ನಮ್ಮ ದಾಸರ ಪದ, ನಮ್ಮ ವಚನ, ನಮ್ಮ ಆರತಿಯ ಹಾಡು ಉಳಿದಿರುವುದು ದೇವರ ಕೋಣೆಯ ಹೊಸ್ತಿಲನ್ನು ಸರಕಾರ ದಾಟುವುದಿಲ್ಲವೆಂಬ ಧೈರ್ಯದ ಮೇಲೆ. ಹಾಗಿರುವಾಗ ನಮ್ಮ ಊರಿನಲ್ಲಿರುವ ತಮಿಳರಿಗೂ ತೆಲುಗರಿಗೂ ಮರಾಠಿಗರಿಗೂ ಅದೇ ಧೈರ್ಯ ಇರಲೆಂದು ಬಯಸುವುದು ನ್ಯಾಯ.

ಆದರೆ ಇಂಜಿನಿಯರರ ದೂರಿನಲ್ಲೂ ಹುರುಳಿದೆ. ತಿಳಿಯದ ಪ್ರಾರ್ಥನೆ ಮಕ್ಕಳಿಗೆ ದೂರವಾಗುತ್ತದೆ. ಕಾಯಿದೆ ಬೇಡವೆಂದರೆ ಕೆಲಸ ನಮ್ಮ ಮೇಲೆಯೇ ಬೀಳುತ್ತದೆ. ವೇಲ್ಸಿನವರನ್ನು ಉಳಿಸಿದ್ದು ಕಾಯಿದೆಯೊಂದೇ ಅಲ್ಲ; ಪುಸ್ತಕ ಮತ್ತು ಅದನ್ನು ಮಕ್ಕಳಿಗೆ ಓದಿಸಿದ ದುಡಿಮೆ.

ಪೂಜೆಯ ಮರುದಿನ ನಮ್ಮ ಮನೆಯಲ್ಲಿ ನಡೆದುದನ್ನು ಹೇಳಿ ಮುಗಿಸುತ್ತೇನೆ. ಎಂಟನೆಯ ಇಯತ್ತೆಯಲ್ಲಿ ಓದುವ ಮಗಳು ನೋಟುಪುಸ್ತಕ ಹಿಡಿದು ಅಜ್ಜಿಯ ಪಕ್ಕದಲ್ಲಿ ಕುಳಿತಳು. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಬರೆಯಲು ಬಾರದು. ಅಜ್ಜಿ ಹೇಳಿದ ಹಾಡನ್ನು ಮರಾಠಿ ಅಕ್ಷರಗಳಲ್ಲೇ ಬರೆದುಕೊಂಡಳು. ನನಗೆ ಸ್ವಲ್ಪ ನಾಚಿಕೆಯಾಯಿತು. ನಾನು ಏನೋ ಹೇಳಹೊರಟೆ. ಅತ್ತೆಯವರು ತಡೆದರು. “ಬರೀಲಿ ಬಿಡಪಾ. ಮೊದ್ಲ ಹಾಡು ಬರ್ಲಿ. ಅಕ್ಷರ ನಾ ಕಲಿಸ್ತೀನಿ.”

ಹಾಡಿನಲ್ಲಿ ಐದು ನುಡಿಗಳಿವೆ. ಇಷ್ಟರಲ್ಲೇ ಮೂರು ನುಡಿ ಬಾಯಿಗೆ ಬಂದಿವೆ. ‘ಅ ಆ’ದಿಂದ ಹಿಡಿದು ‘ಕ’ದವರೆಗೆ ಅಕ್ಷರಗಳೂ ಬಂದಿವೆ.